ಬ್ರೇಕ್ ಡ್ರಮ್ಮಿಗೆ ಬಣ್ಣ: ಅಂದಕ್ಕಲ್ಲ, ಕಾವಲಿಗೆ

ತೋಟದ ಕೆಲಸಕ್ಕೆ ಓಡುವ ಜೀಪು, ಪಿಕಪ್, ಹಳೆ ಕಾರುಗಳನ್ನು ನಾವು ತೊಳೆಯುವುದೇ ಅಪರೂಪ. ತೊಳೆದರೂ ಮೇಲಷ್ಟೇ. ಚಕ್ರದ ಹಿಂದೆ ಅಡಗಿರುವ ಬ್ರೇಕ್ ಡ್ರಮ್ಮನ್ನು ಇಣುಕಿ ನೋಡುವವರು ಎಷ್ಟು ಮಂದಿ? ಕೆಸರು, ಸಗಣಿ ನೀರು, ಗೊಬ್ಬರದ ಪುಡಿ ಸೇರಿ ಅದು ತುಕ್ಕಿನ ಮುದ್ದೆಯಾಗಿರುತ್ತದೆ. ಪೊಟ್ಯಾಷ್ ಅಂದರೆ ಅಡುಗೆ ಉಪ್ಪಿನ ದಾಯಾದಿ. ಕಬ್ಬಿಣವನ್ನು ತಿನ್ನುವುದರಲ್ಲಿ ಎರಡೂ ಒಂದೇ.

ಬೆಂಗಳೂರಿನ ಮತ್ತಿಕೆರೆಯಲ್ಲಿ ನಮ್ಮ ಮನೆ, ದೊಡ್ಡಬಳ್ಳಾಪುರದ ಕಡೆ ತೋಟ. ಮನೆ ಮುಂದೆ ಗಾಡಿ ನಿಲ್ಲುವಷ್ಟೇ ಜಾಗ. ಮಳೆಗಾಲಕ್ಕೆ ಮೊದಲು ಅಲ್ಲೇ ಡ್ರಮ್ ಮತ್ತು ಕ್ಯಾಲಿಪರಿಗೆ ಬಣ್ಣ ಹಚ್ಚಿಕೊಳ್ಳುತ್ತೇವೆ. ಎರಡು ಭಾನುವಾರದ ಕೆಲಸ.

ಬಣ್ಣದಿಂದೇನು ಲಾಭ?

ಬ್ರೇಕ್ ಇದರಿಂದ ಚುರುಕಾಗುವುದಿಲ್ಲ. ಡ್ರಮ್ ಬೀಡುಕಬ್ಬಿಣದ್ದು, ಬಣ್ಣ ಅದರ ಹೊರಮೈಯ ತುಕ್ಕು ತಡೆಯುತ್ತದೆ. ದೊಡ್ಡ ಲಾಭ ಬೇರೆಯೇ ಇದೆ. ತುಕ್ಕು ಹಿಡಿದ ಕಪ್ಪು ಮೈಮೇಲೆ ಎಣ್ಣೆ ಸೋರಿದರೆ ಕಾಣುವುದಿಲ್ಲ. ಬಣ್ಣದ ಮೇಲೆ ಒಂದು ಹನಿಯೂ ಕಾಣುತ್ತದೆ. ನಾವು ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಎಣ್ಣೆ ಹೆಚ್ಚಿನ ಬಣ್ಣಗಳನ್ನು ಎಬ್ಬಿಸಿಬಿಡುತ್ತದೆ. ಕ್ಯಾಲಿಪರಿನ ಒಂದು ಮೂಲೆಯಲ್ಲಿ ಬಣ್ಣ ಸುಕ್ಕುಗಟ್ಟಿದೆ ಅಂದರೆ ಅಲ್ಲಿ ಸೋರಿಕೆ ಇದೆಯೇ ಎಂದು ಮೊದಲು ನೋಡಿ. ಹೇರು ತುಂಬಿಕೊಂಡು ನಂದಿಬೆಟ್ಟದಂಥ ಇಳಿಜಾರಿನಲ್ಲಿ ಬರುವಾಗ ಪೆಡಲ್ ತಳ ಮುಟ್ಟಿದ ಮೇಲೆ ತಿಳಿಯುವುದಕ್ಕಿಂತ ಮನೆಯಂಗಳದಲ್ಲಿ ತಿಳಿಯುವುದು ಲೇಸು.

ಬಿಚ್ಚುವ ಮುನ್ನ

ಒಂದು ಸಲಕ್ಕೆ ಒಂದೇ ಚಕ್ರ. ನೆಲ ಸಮತಟ್ಟಾಗಿರಲಿ. ಹಿಂದಿನ ಡ್ರಮ್ ತೆಗೆಯಲು ಹ್ಯಾಂಡ್ ಬ್ರೇಕ್ ಸಡಿಲಿಸಲೇಬೇಕು. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ. ಜಾಕಿಯನ್ನು ನಂಬಿ ಕೆಳಗೆ ಕೈ ಹಾಕಬೇಡಿ, ಕಬ್ಬಿಣದ ಸ್ಟ್ಯಾಂಡ್ ಇರಲಿ. ಇಟ್ಟಿಗೆ ಬೇಡ, ಭಾರಕ್ಕೆ ಸಿಡಿಯುತ್ತದೆ.

ಡ್ರಮ್ ಕಚ್ಚಿ ಕೂತಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಬೀಡು ಒಡೆದೀತು. ಹಲವು ಡ್ರಮ್ಮುಗಳ ಮುಖದಲ್ಲಿ ಮರೆ ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ ಸರಿಹೊಂದುವ ಬೋಲ್ಟ್ ಹಾಕಿ ಎರಡನ್ನೂ ಸಮನಾಗಿ ತಿರುಗಿಸುತ್ತ ಹೋದರೆ ತಾನೇ ಹೊರಬರುತ್ತದೆ. ಡ್ರಮ್ ಹೊರಗಿರುವಾಗ ಪೆಡಲ್ ಯಾರೂ ತುಳಿಯಕೂಡದು. ಸಿಲಿಂಡರಿನ ಪಿಸ್ಟನ್ ಹೊರಗೆ ಹಾರುತ್ತದೆ. ಮಕ್ಕಳಿಗೆ ಹೇಳಿಡಿ.

ಒಳಗಿನ ಕರಿ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ ಬಿಡಿ. ಲೈನರ್ ಜಾರುತ್ತದೆ, ರಬ್ಬರ್ ಉಬ್ಬುತ್ತದೆ.

ಈಗ ಕಣ್ಣಿಗೆ ಕೆಲಸ ಕೊಡಿ. ಲೈನರ್ ಸವೆದು ರಿವೆಟ್ ತಲೆ ಮೇಲೆ ಬಂದಿದೆಯೇ? ಸಿಲಿಂಡರಿನ ರಬ್ಬರ್ ಬಳಿ ಒದ್ದೆಯೇ? ಡ್ರಮ್ಮಿನಲ್ಲಿ ಬಿರುಕು, ಗೀರು ಇವೆಯೇ? ಎಷ್ಟು ವ್ಯಾಸದವರೆಗೆ ಸವೆಯಬಹುದು ಎಂದು ಡ್ರಮ್ಮಿನ ಮೇಲೇ ಅಚ್ಚೊತ್ತಿರುತ್ತದೆ. ಅದು ಮೀರಿದ್ದರೆ ಬಣ್ಣ ದಂಡ, ಹೊಸ ಡ್ರಮ್ ತನ್ನಿ.

ಬಣ್ಣ ಹಚ್ಚುವ ಕ್ರಮ

ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, 80ರ, ಆಮೇಲೆ 120ರ ಎಮರಿ ಪೇಪರಿನಿಂದ ತಿಕ್ಕಿ. ಥಿನ್ನರ್ ಬಟ್ಟೆಯಲ್ಲಿ ಜಿಡ್ಡು ಒರೆಸಿ, ರಬ್ಬರಿಗೆ ತಾಗದಂತೆ. ಗೇಟಿಗೆ ಹಚ್ಚುವ ಎನಾಮಲ್ ಇಲ್ಲಿ ನಡೆಯದು. ಉದ್ದದ ಇಳಿಜಾರಿನಲ್ಲಿ ಡಿಸ್ಕ್ 300 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಎನಾಮಲ್ ಬಣ್ಣಗೆಟ್ಟು ಉದುರುತ್ತದೆ. ಸೈಲೆನ್ಸರಿಗೆ ಹಚ್ಚುವ ಶಾಖ ತಡೆಯುವ ಅಲ್ಯೂಮಿನಿಯಂ ಬಣ್ಣ ತನ್ನಿ. ತೆಳ್ಳಗೆ ಎರಡು ಕೋಟ್, ನಡುವೆ ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಬಿಡಿ. ದಪ್ಪಗೆ ಬಳಿದರೆ ಹಪ್ಪಳದಂತೆ ಏಳುತ್ತದೆ.

ಇಲ್ಲಿ ಬಣ್ಣ ಬೇಡ

ಡ್ರಮ್ಮಿನ ಒಳಮೈ, ಡಿಸ್ಕಿನಲ್ಲಿ ಪ್ಯಾಡ್ ಉಜ್ಜುವ ಜಾಗ, ಲೈನರ್, ಪ್ಯಾಡ್ ಇವಕ್ಕೆ ಒಂದು ಹನಿಯೂ ಬೀಳಬಾರದು. ಕ್ಯಾಲಿಪರಿನಲ್ಲಿ ಪಿಸ್ಟನ್ನಿನ ರಬ್ಬರ್, ಗಾಳಿ ತೆಗೆಯುವ ನಿಪ್ಪಲ್, ಜಾರುವ ಪಿನ್ನು, ಹೋಸ್ ಪೈಪು, ಹೊಸ ಗಾಡಿಗಳಲ್ಲಿ ಸೆನ್ಸರ್ ತಂತಿ ಇವನ್ನೆಲ್ಲ ಟೇಪು, ಹಳೆ ಪೇಪರಿನಿಂದ ಮುಚ್ಚಿ. ಕ್ಯಾಲಿಪರ್ ಬಿಚ್ಚುವುದೇ ಆದರೆ ಹೋಸಿನಲ್ಲಿ ನೇತುಹಾಕಬೇಡಿ, ತಂತಿಯಿಂದ ಕಟ್ಟಿ.

ಹೆಚ್ಚಿನವರು ಮರೆಯುವ ಜಾಗ ಇನ್ನೊಂದು: ಚಕ್ರ ಬಂದು ಕೂರುವ ಮುಖ ಮತ್ತು ಬೋಲ್ಟಿನ ಸುತ್ತ. ಅಲ್ಲಿ ಬಣ್ಣದ ಪದರ ಇದ್ದರೆ ಓಡುತ್ತ ಓಡುತ್ತ ಅದು ನಜ್ಜಾಗಿ ನಟ್ಟು ಸಡಿಲವಾಗುತ್ತದೆ. ಆ ಭಾಗ ಬರಿ ಲೋಹವೇ ಇರಲಿ.

ಒಂದಿಡೀ ದಿನ ಒಣಗಲಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಗಾಡಿ ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಡಿ. ಬೀದಿಯಲ್ಲಿ ನಿಧಾನಕ್ಕೆ ನಾಲ್ಕಾರು ಸಲ ಬ್ರೇಕ್ ಹಾಕಿ ನೋಡಿಯೇ ಹೇರು ತುಂಬಿ. ಪೆಡಲ್ ಮೆತ್ತಗಿದ್ದರೆ, ಗಾಡಿ ಒಂದು ಬದಿಗೆ ಎಳೆದರೆ ಮೆಕ್ಯಾನಿಕ್ ಬರುವ ತನಕ ಓಡಿಸಬೇಡಿ. ಸೋರುವ ಸಿಲಿಂಡರಿಗೆ, ಸವೆದ ಲೈನರಿಗೆ ಬಣ್ಣ ಮದ್ದಲ್ಲ.