ಪಿಕಪ್ ವಾಹನಕ್ಕೆ ಟ್ರೈಲರ್: ಎಳೆಯುವ ಮೊದಲು ನಿಲ್ಲಿಸುವ ಲೆಕ್ಕ

ಜನರೇಟರ್, ಏರ್ ಕಂಪ್ರೆಸರ್, ವೆಲ್ಡಿಂಗ್ ಸೆಟ್ ಮೊದಲಾದ ಯಂತ್ರಗಳನ್ನು ತಯಾರಿಸುವ ಅಥವಾ ಬಾಡಿಗೆಗೆ ನೀಡುವ ಸಣ್ಣ ಉದ್ದಿಮೆಗಳಲ್ಲಿ ಆಗಾಗ ಒಂದು ಪ್ರಶ್ನೆ ಏಳುತ್ತದೆ. ಟನ್ನಿನಷ್ಟು ತೂಗುವ ಯಂತ್ರವನ್ನು ಗ್ರಾಹಕರ ಸ್ಥಳಕ್ಕೆ ತಲುಪಿಸಬೇಕು. ಬಾಡಿಗೆ ಲಾರಿಯಲ್ಲಿ ಕಳುಹಿಸಿದರೆ ಏರಿಸುವಾಗಲೊಮ್ಮೆ, ಇಳಿಸುವಾಗಲೊಮ್ಮೆ ಕ್ರೇನ್ ಬೇಕು. ಯಂತ್ರವನ್ನು ಗಾಲಿಗಳ ಮೇಲೆಯೇ ಕೂರಿಸಿ, ಕಾರ್ಖಾನೆಯ ಅಂಗಳದಲ್ಲಿ ನಿಂತಿರುವ ಪಿಕಪ್ ವಾಹನಕ್ಕೆ ಜೋಡಿಸಿ ಎಳೆದೊಯ್ದರೆ ಆಗದೆ?

ಖಂಡಿತ ಆಗುತ್ತದೆ. ಆದರೆ ಈ ಕೆಲಸಕ್ಕೆ ಇಳಿಯುವ ಬಹುತೇಕ ಮಂದಿ ಮೊದಲು ಕೇಳುವುದು ಎಂಜಿನ್ನಿನ ಶಕ್ತಿಯನ್ನು. ಇಂದಿನ ಡೀಸೆಲ್ ಪಿಕಪ್‌ಗಳಲ್ಲಿ ಶಕ್ತಿಗೆ ಕೊರತೆಯಿಲ್ಲ. ಕೊರತೆ ಕಾಣುವುದು ಬ್ರೇಕಿನಲ್ಲಿ, ಜೋಡಣೆಯಲ್ಲಿ, ಭಾರದ ಹಂಚಿಕೆಯಲ್ಲಿ ಹಾಗೂ ಕಾಗದಪತ್ರಗಳಲ್ಲಿ. ವರ್ಷಕ್ಕೆ ಕೆಲವೇ ಬಾರಿ ಟ್ರೈಲರ್ ಎಳೆಯುವ ಉದ್ಯಮಿ ದೊಡ್ಡ ವಾಹನವನ್ನು ಕೊಳ್ಳಬೇಕಾಗಿಲ್ಲ; ಈ ನಾಲ್ಕನ್ನು ಸರಿಪಡಿಸಿಕೊಂಡರೆ ಸಾಕು.

3500 ಮತ್ತು 750: ಎರಡು ಅಂಕಿಗಳ ಪಾಠ

ಮಧ್ಯಮ ಗಾತ್ರದ ಪಿಕಪ್‌ಗಳಿಂದ ಟ್ರೈಲರ್ ಎಳೆಯುವುದು ದಿನನಿತ್ಯದ ರೂಢಿಯಾಗಿರುವ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಅಲ್ಲಿ ಮಾರಾಟವಾಗುವ ಇಸುಜು ಡಿ-ಮ್ಯಾಕ್ಸ್ ವಾಹನದ ಎಳೆಯುವ ಮಿತಿ 3500 ಕೆ.ಜಿ. ಎಂದು ಪ್ರಕಟವಾಗಿದೆ. ಆದರೆ ಈ ಮಿತಿ ತನ್ನದೇ ಬ್ರೇಕ್ ಉಳ್ಳ ಟ್ರೈಲರ್‌ಗೆ ಮಾತ್ರ. ಬ್ರೇಕ್ ಇಲ್ಲದ ಟ್ರೈಲರ್ ಆದರೆ ಅದೇ ವಾಹನದ ಮಿತಿ 750 ಕೆ.ಜಿ. ಎಂಜಿನ್, ಗೇರ್‌ಬಾಕ್ಸ್, ಚಾಸಿ ಯಾವುದೂ ಬದಲಾಗಿಲ್ಲ. ಬದಲಾದುದು ಟ್ರೈಲರ್‌ನ ಬ್ರೇಕ್ ಒಂದೇ. ಎಳೆಯುವ ಸಾಮರ್ಥ್ಯವೆಂದರೆ ವಾಸ್ತವವಾಗಿ ನಿಲ್ಲಿಸುವ ಸಾಮರ್ಥ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಭಾರತದ ವಾಹನ ವರ್ಗೀಕರಣದಲ್ಲಿಯೂ ಟ್ರೈಲರ್‌ಗಳ ಮೊದಲ ವರ್ಗದ ಗಡಿ 0.75 ಟನ್ನೇ ಆಗಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡಿ-ಮ್ಯಾಕ್ಸ್ ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್ ನಮ್ಮ ಬಿಡದಿಯಲ್ಲಿ ಜೋಡಣೆಯಾಗುತ್ತದೆ. ಹೆಸರು ಒಂದೇ ಆದರೂ ಎಂಜಿನ್, ಸ್ಪ್ರಿಂಗ್‌ಪಟ್ಟಿ, ಆಕ್ಸಲ್ ಅನುಪಾತ, ಶೈತ್ಯಕ ವ್ಯವಸ್ಥೆಗಳು ದೇಶದಿಂದ ದೇಶಕ್ಕೆ ಬೇರೆಯಾಗಬಹುದು. ಆದುದರಿಂದ ವಿದೇಶದ ಅಂಕಿಯನ್ನು ಇಲ್ಲಿಯ ವಾಹನಕ್ಕೆ ಅನ್ವಯಿಸುವುದು ಸಲ್ಲದು. ವಾಹನದ ಕೈಪಿಡಿಯಲ್ಲಿ ಮಿತಿ ನಮೂದಾಗಿಲ್ಲವಾದರೆ ತಯಾರಕರಿಂದ ಲಿಖಿತ ಉತ್ತರ ಪಡೆಯುವುದೇ ಸರಿಯಾದ ಮಾರ್ಗ.

ಸಣ್ಣ ಟ್ರೈಲರ್‌ಗಳಿಗೆ ಓವರ್‌ರನ್ ಬ್ರೇಕ್ ಸರಳವಾದ ಪರಿಹಾರ. ಪಿಕಪ್ ನಿಧಾನಿಸಿದಾಗ ಟ್ರೈಲರ್ ಮುಂದಕ್ಕೆ ನೂಕುವ ಒತ್ತಡವೇ ಅದರ ಗಾಲಿಗಳಿಗೆ ಬ್ರೇಕ್ ಹಾಕುತ್ತದೆ. ಇದರೊಂದಿಗೆ, ಟ್ರೈಲರ್ ಅಕಸ್ಮಾತ್ ಕಳಚಿಕೊಂಡಾಗ ತಾನಾಗಿ ಅದರ ಬ್ರೇಕ್ ಎಳೆಯುವ ಉಕ್ಕಿನ ಹಗ್ಗವೂ ಇರತಕ್ಕದ್ದು.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ವಿಷಯ ಹೊಸದೇನಲ್ಲ. ಹೇರು ಹಿಂದಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಮುಂದಾದರೆ ಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ. ಟ್ರೈಲರ್‌ನಲ್ಲಿಯೂ ನಡೆಯುವುದು ಇದೇ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳುವಂತೆ ಯಂತ್ರವನ್ನು ಕೂರಿಸುವುದು ಸಾಮಾನ್ಯ ನಿಯಮ. ಟೋ ಬಾರ್‌ನ ಫಲಕದಲ್ಲಿ ಇದಕ್ಕಿಂತ ಕಡಿಮೆ ಮಿತಿ ನಮೂದಾಗಿದ್ದರೆ ಅದನ್ನೇ ಪಾಲಿಸಬೇಕು. ಕೊಂಡಿಯ ಭಾರ ತೀರ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲದಂತೆ ಎಡಬಲಕ್ಕೆ ಓಲಾಡತೊಡಗಿ, ಕೊನೆಗೆ ಪಿಕಪ್ಪನ್ನೂ ಮಗುಚಬಲ್ಲದು.

ಒಂದು ಲೆಕ್ಕ ನೋಡಬಹುದು. ಟ್ರೈಲರ್ 300 ಕೆ.ಜಿ., ಯಂತ್ರ 900 ಕೆ.ಜಿ., ಒಟ್ಟು 1200 ಕೆ.ಜಿ. ಎಂದಿರಲಿ. ಕೊಂಡಿಯ ಮೇಲೆ 150 ಕೆ.ಜಿ. ಬೀಳುತ್ತದೆ. ಈ ವರ್ಗದ ಪಿಕಪ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 3.1 ಮೀಟರ್. ಕೊಂಡಿಯು ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದ್ದರೆ, ಸನ್ನೆಗೋಲಿನ ನಿಯಮದಂತೆ ಹಿಂದಿನ ಆಕ್ಸಲ್ ಮೇಲೆ ಸುಮಾರು 208 ಕೆ.ಜಿ. ಏರುತ್ತದೆ, ಮುಂದಿನ ಆಕ್ಸಲ್‌ನಿಂದ ಸುಮಾರು 58 ಕೆ.ಜಿ. ಇಳಿಯುತ್ತದೆ. ಸ್ಟಿಯರಿಂಗ್ ಹಗುರವಾಗುವುದಕ್ಕೂ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದಕ್ಕೂ ಇದೇ ಕಾರಣ. ಕೊಂಡಿಯ ಭಾರವು ಪಿಕಪ್ ಹೊರಬಹುದಾದ ಸರಕಿನ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಹಿಂಬದಿಯ ತೊಟ್ಟಿಯನ್ನು ಪೂರ್ತಿ ತುಂಬಿ, ಮೇಲೆ ಟ್ರೈಲರ್ ಕಟ್ಟಿದರೆ ಮಿತಿ ಮೀರಿದಂತೆಯೇ.

ಕೊಂಡಿಯ ಭಾರವನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. ವೇ ಬ್ರಿಡ್ಜ್ ಸಾಕು. ಮೊದಲು ಟ್ರೈಲರನ್ನು ಬಿಡಿಯಾಗಿ ತೂಗಬೇಕು. ಬಳಿಕ ಪಿಕಪ್‌ಗೆ ಜೋಡಿಸಿ, ಟ್ರೈಲರ್‌ನ ಗಾಲಿಗಳು ಮಾತ್ರ ತೂಕದ ಹಲಗೆಯ ಮೇಲಿರುವಂತೆ ನಿಲ್ಲಿಸಿ ತೂಗಬೇಕು. ಎರಡರ ವ್ಯತ್ಯಾಸವೇ ಕೊಂಡಿಯ ಭಾರ.

ಗುಂಡು, ಸರಪಳಿ, ದೀಪ

ಟೋ ಬಾರನ್ನು ಚಾಸಿಯ ಉದ್ದಪಟ್ಟಿಗಳಿಗೆ ಬೋಲ್ಟ್ ಮಾಡಬೇಕೇ ವಿನಾ ಬಂಪರ್‌ಗೆ ಬೆಸುಗೆ ಹಾಕಕೂಡದು. ಹಿಚ್ ಗುಂಡಿನ ಅಳತೆಯಲ್ಲಿ ಅನೇಕರು ಎಡವುತ್ತಾರೆ. 50 ಮಿ.ಮೀ. ಗುಂಡಿಗೂ 2 ಅಂಗುಲದ, ಅಂದರೆ 50.8 ಮಿ.ಮೀ. ಗುಂಡಿಗೂ ನೋಟಕ್ಕೆ ವ್ಯತ್ಯಾಸ ತಿಳಿಯದು; ಆದರೆ ಒಂದರ ಹಿಡಿ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಿಲ್ಲ. ಗುಂಡು ಮತ್ತು ಹಿಡಿಗಳ ಮೇಲೆ ಕೊರೆದ ಅಳತೆಯನ್ನು ಓದಿ ಜೊತೆಗೂಡಿಸುವುದು ಕ್ಷೇಮ. ಎರಡು ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟಬೇಕು. ಹಿಡಿ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಈ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ದೀಪಗಳ ಸಂಪರ್ಕಕ್ಕೆ 12 ವೋಲ್ಟ್ ವಾಹನಗಳ ಐಎಸ್ಒ 1724 ಮಾನದಂಡದ ಏಳು ಪಿನ್ನಿನ ಸಾಕೆಟ್ ಉಂಟು. ಹೊಸ ಪಿಕಪ್‌ಗಳಲ್ಲಿ ಹಿಂದಿನ ದೀಪದ ತಂತಿಯನ್ನು ಕತ್ತರಿಸಿ ಜೋಡಿಸಿದರೆ ವಾಹನದ ಕಂಪ್ಯೂಟರ್ ವ್ಯವಸ್ಥೆಗೆ ಧಕ್ಕೆಯಾಗುವ ಸಂಭವವಿದೆ. ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಮೂಲಕ ವಿದ್ಯುತ್ ಪಡೆಯುವ ಟ್ರೈಲರ್ ಮಾಡ್ಯೂಲ್ ಬಳಸುವುದು ಲೇಸು.

ಕಾನೂನಿನ ದೃಷ್ಟಿಯಲ್ಲಿ ಟ್ರೈಲರ್

1988ರ ಮೋಟಾರು ವಾಹನಗಳ ಕಾಯ್ದೆಯ ವ್ಯಾಖ್ಯೆಯಂತೆ ಟ್ರೈಲರ್ ಸ್ವತಃ ಒಂದು ಮೋಟಾರು ವಾಹನ. ಎಂಜಿನ್ ಇಲ್ಲವೆಂಬ ಕಾರಣಕ್ಕೆ ಅದು ಕಾಯ್ದೆಯಿಂದ ಹೊರಗುಳಿಯುವುದಿಲ್ಲ. 61ನೆಯ ಕಲಮಿನ ಪ್ರಕಾರ ಅದಕ್ಕೂ ನೋಂದಣಿ ಬೇಕು. ಎಳೆಯುವ ವಾಹನದ ಸಂಖ್ಯೆಯೂ ಟ್ರೈಲರ್ ಮೇಲೆ ಕಾಣುವಂತಿರಬೇಕು. 146ನೆಯ ಕಲಮಿನ ಮೂರನೆಯ ವ್ಯಕ್ತಿ ವಿಮೆಯೂ ಕಡ್ಡಾಯ. ಸ್ಥಳೀಯ ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿ, ನೋಂದಣಿಯಿಲ್ಲದೆ ರಸ್ತೆಗಿಳಿಸಿದ ಟ್ರೈಲರ್ ಅಪಘಾತಕ್ಕೆ ಕಾರಣವಾದರೆ ಪರಿಹಾರದ ಹೊಣೆ ಮಾಲೀಕನ ಹೆಗಲಿಗೇ ಬರಬಹುದು. ಉಳಿಸಿದ ಲಾರಿ ಬಾಡಿಗೆ ಎಷ್ಟು, ತೆರಬೇಕಾದ ಪರಿಹಾರ ಎಷ್ಟು ಎಂಬುದನ್ನು ಪ್ರತಿಯೊಬ್ಬ ಉದ್ಯಮಿಯೂ ತೂಗಿ ನೋಡಬೇಕು.

ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವ ಮಾರ್ಪಾಡುಗಳನ್ನು 52ನೆಯ ಕಲಂ ನಿರ್ಬಂಧಿಸುತ್ತದೆ. ಆದುದರಿಂದ ಟೋ ಬಾರ್ ಅಳವಡಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಪತ್ರ ಮುಖೇನ ತಿಳಿಸುವುದು ಒಳಿತು. ಖಾಸಗಿ ಬಳಕೆಗೆಂದು ನೋಂದಾಯಿತವಾದ ಪಿಕಪ್ಪನ್ನು ವ್ಯಾಪಾರದ ಸರಕಿಗೆ ಬಳಸುವವರು ಈ ಅಂಶವನ್ನೂ ಆಗಲೇ ಇತ್ಯರ್ಥಪಡಿಸಿಕೊಳ್ಳಬೇಕು. 2019ರ ತಿದ್ದುಪಡಿಯ ನಂತರ ಅಧಿಕ ಭಾರಕ್ಕೆ ಕಾಯ್ದೆಯಲ್ಲಿ ನಿಗದಿಯಾದ ದಂಡ 20,000 ರೂಪಾಯಿ. ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ.

ರಸ್ತೆಯ ಮೇಲೆ

ವೇಗ ತಗ್ಗಿಸುವುದು ಅತ್ಯಂತ ಅಗ್ಗದ ಸುರಕ್ಷತೆ. 2900 ಕೆ.ಜಿ.ಯ ಪಿಕಪ್‌ಗೆ 1200 ಕೆ.ಜಿ.ಯ ಟ್ರೈಲರ್ ಸೇರಿದರೆ, ಅದೇ ವೇಗದಲ್ಲಿ ಬ್ರೇಕುಗಳು ಅರಗಿಸಿಕೊಳ್ಳಬೇಕಾದ ಚಲನಶಕ್ತಿ ಶೇಕಡ 41ರಷ್ಟು ಹೆಚ್ಚುತ್ತದೆ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಪೂರ್ಣ ಜೋಡಿಯ ಚಲನಶಕ್ತಿಯು 80 ಕಿ.ಮೀ. ವೇಗದ ಒಂಟಿ ಪಿಕಪ್‌ಗಿಂತ ಕಡಿಮೆಯೇ ಇರುತ್ತದೆ. ಚಾಲಕನಿಗೆ ಕಲಿಸಬೇಕಾದ ಮೊದಲ ಪಾಠ ಇದು.

ಶಿರಾಡಿಯಂತಹ ಘಾಟಿಯನ್ನು ಇಳಿಯುವಾಗ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯನ್ನು ಬಳಸಬೇಕು. ಬ್ರೇಕನ್ನು ಸತತವಾಗಿ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಟ್ರೈಲರ್ ಓಲಾಡತೊಡಗಿದರೆ ವೇಗ ಹೆಚ್ಚಿಸುವುದಾಗಲಿ, ಸ್ಟಿಯರಿಂಗ್ ಎಳೆದಾಡುವುದಾಗಲಿ, ಪಿಕಪ್‌ನ ಬ್ರೇಕನ್ನು ಗಕ್ಕನೆ ಒತ್ತುವುದಾಗಲಿ ಕೂಡದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಚಕ್ರವನ್ನು ನೇರವಾಗಿ ಹಿಡಿದು, ವೇಗ ತಾನೇ ಇಳಿಯಲು ಬಿಡಬೇಕು. ನಂತರ ಪಕ್ಕಕ್ಕೆ ನಿಲ್ಲಿಸಿ ಯಂತ್ರವನ್ನು ಮುಂದಕ್ಕೆ ಸರಿಸಿ ಕಟ್ಟಬೇಕು.

ಅಪರೂಪದ ಬಳಕೆಯ ಅಪಾಯ

ನಿತ್ಯ ಓಡುವ ಟ್ರೈಲರ್‌ಗಿಂತ ಮೂಲೆಯಲ್ಲಿ ನಿಂತ ಟ್ರೈಲರ್ ಹೆಚ್ಚು ಮೋಸ ಮಾಡುತ್ತದೆ. ಟೈರಿನ ಹಲ್ಲು ಸವೆಯದಿದ್ದರೂ ರಬ್ಬರು ಬಿಸಿಲಿಗೆ ಬಿರಿದಿರುತ್ತದೆ. ಬೇರಿಂಗ್‌ನ ಗ್ರೀಸ್ ಒಣಗಿ ತೇವ ಸೇರಿರುತ್ತದೆ. ದೀಪದ ಪಿನ್ನು ಕಿಲುಬು ಹಿಡಿದಿರುತ್ತದೆ. ವಿಮೆಯ ಅವಧಿ ಯಾರಿಗೂ ತಿಳಿಯದೆ ಮುಗಿದಿರುತ್ತದೆ. ಹಿಂದಿನ ದಿನವೇ ಇವಿಷ್ಟನ್ನು ನೋಡುವ ಹೊಣೆಯನ್ನು ಒಬ್ಬ ನೌಕರನಿಗೆ ವಹಿಸಿ, ಪುಸ್ತಕದಲ್ಲಿ ಸಹಿ ಪಡೆಯುವ ಪದ್ಧತಿ ಇಡುವುದು ಸೂಕ್ತ. ಹೊರಟ ಮೇಲೆ ಮೊದಲ ಹತ್ತಿಪ್ಪತ್ತು ಕಿ.ಮೀ.ಗಳಲ್ಲೊಮ್ಮೆ ನಿಂತು ಕೊಂಡಿ, ಸರಪಳಿ, ಗಾಲಿಯ ನಟ್ಟುಗಳನ್ನು ಮುಟ್ಟಿ ನೋಡಬೇಕು. ಗಾಲಿಯ ಗುಂಭ ಕೈ ಸುಡುವಷ್ಟು ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ ಎಂದೇ ತಿಳಿಯತಕ್ಕದ್ದು.

ಟೋ ಬಾರ್, ಬ್ರೇಕ್, ನೋಂದಣಿ, ತೆರಿಗೆ, ವಿಮೆ, ನಿರ್ವಹಣೆ ಇವೆಲ್ಲವನ್ನೂ ಕೂಡಿಸಿ, ವರ್ಷದ ಲಾರಿ ಹಾಗೂ ಕ್ರೇನ್ ಬಾಡಿಗೆಯೊಂದಿಗೆ ಹೋಲಿಸಿದಾಗ ಉತ್ತರ ತಾನಾಗಿ ದೊರೆಯುತ್ತದೆ. ವರ್ಷಕ್ಕೆ ಒಂದೆರಡು ಪ್ರಯಾಣವಷ್ಟೇ ಆದರೆ ಬಾಡಿಗೆಯೇ ಲಾಭಕರವಾಗಬಹುದು. ತಿಂಗಳಿಗೊಮ್ಮೆಯಾದರೂ ಅಗತ್ಯವಿದ್ದರೆ ಸ್ವಂತ ಟ್ರೈಲರ್ ಕುರಿತು ಯೋಚಿಸಬಹುದು. ಆದರೆ ಬ್ರೇಕಿನ ವೆಚ್ಚವನ್ನೋ ನೋಂದಣಿಯ ವೆಚ್ಚವನ್ನೋ ಬಿಟ್ಟು ಹಾಕಿದ ಲೆಕ್ಕದಲ್ಲಿ ಕಾಣುವ ಲಾಭ ಲಾಭವಲ್ಲ. ಅದು ಚಾಲಕನ ಪ್ರಾಣವನ್ನೂ ಉದ್ದಿಮೆಯ ಬಂಡವಾಳವನ್ನೂ ಒತ್ತೆಯಿಟ್ಟು ತಂದ ಸಾಲ.