ಲಾರಿಯ ಆಯಸ್ಸು: ವರ್ಷದ ಲೆಕ್ಕಕ್ಕಿಂತ ಹೊರೆಯ ಲೆಕ್ಕ

ಹಾಸನದ ಆಲೂಗಡ್ಡೆ, ಅರಕಲಗೂಡಿನ ಶುಂಠಿ ಮತ್ತು ತಂಬಾಕು, ಚನ್ನರಾಯಪಟ್ಟಣದ ತೆಂಗು, ಹೊಳೆನರಸೀಪುರದ ನೀರಾವರಿ ಬಯಲಿನ ಭತ್ತ ಇವೆಲ್ಲವೂ ಮಾರುಕಟ್ಟೆ ಸೇರುವುದು ಬಹುಮಟ್ಟಿಗೆ ಲಾರಿಗಳಲ್ಲಿಯೇ. ಬೆಂಗಳೂರು ಮತ್ತು ಮಂಗಳೂರನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನಗಳ ಮೂಲಕ ಸಾಗಿ ಸಕಲೇಶಪುರದಾಚೆ ಶಿರಾಡಿ ಘಾಟಿಯನ್ನು ಇಳಿಯುವುದರಿಂದ, ಈ ಭಾಗದ ಲಾರಿಗಳು ಬಯಲಿನ ವೇಗವನ್ನೂ ಘಾಟಿಯ ಇಳಿಜಾರನ್ನೂ ಮಲೆನಾಡಿನ ಮಳೆಯನ್ನೂ ಒಂದೇ ಪಯಣದಲ್ಲಿ ತಾಳಿಕೊಳ್ಳಬೇಕಾಗುತ್ತದೆ. ಹೊಸ ಲಾರಿಯ ಬೆಲೆ ಹಲವು ಲಕ್ಷಗಳಷ್ಟಿರುವಾಗ, ಒಂದೆರಡು ಗಾಡಿಗಳನ್ನೇ ನಂಬಿದ ಸಣ್ಣ ಮಾಲೀಕನಿಗೆ ಇರುವ ಗಾಡಿ ಎಷ್ಟು ಕಾಲ ದುಡಿದೀತು ಎಂಬುದು ಬದುಕಿನ ಪ್ರಶ್ನೆಯಾಗಿದೆ. ಈ ಆಯಸ್ಸನ್ನು ನಿರ್ಧರಿಸುವಲ್ಲಿ ನೋಂದಣಿ ಪುಸ್ತಕದಲ್ಲಿರುವ ವರ್ಷಕ್ಕಿಂತ ಹೊರೆ ಮತ್ತು ಆರೈಕೆಯ ಪಾತ್ರವೇ ಹಿರಿದು.

ಉಕ್ಕು ಒಮ್ಮೆಗೇ ಮುರಿಯುವುದು ಅಪರೂಪ; ಮತ್ತೆ ಮತ್ತೆ ಬಾಗಿ ಮರಳುವ ಕಡೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಕ್ರಮೇಣ ಬೆಳೆಯುತ್ತದೆ, ಇದನ್ನು ಲೋಹದ ದಣಿವು ಎನ್ನುತ್ತಾರೆ. ಹೊರೆ ಸ್ವಲ್ಪವೇ ಹೆಚ್ಚಿದರೂ ಈ ದಣಿವು ಹಲವು ಪಟ್ಟು ಬೇಗ ಬರುತ್ತದೆಯಾದ್ದರಿಂದ, ಮಿತಿ ಮೀರಿ ತುಂಬಿಸಿದ ಲಾರಿಯಲ್ಲಿ ಮೊದಲು ಕಮಾನುಪಟ್ಟಿಗಳು, ಆಮೇಲೆ ಆಕ್ಸಲ್, ಕೊನೆಗೆ ಚಾಸಿಯೇ ಸೋಲುತ್ತವೆ. ಲಾರಿಯಂತೆ ರಸ್ತೆಯೂ ಸೋಲುತ್ತದೆ: 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪ್ರಯೋಗದ ಆಧಾರದ ಮೇಲೆ, ಆಕ್ಸಲ್ ಹೊರೆ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟಾಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕಿದರು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರಿನ ಒಂಟಿ ಆಕ್ಸಲ್ ಮೇಲಿನ ಹೊರೆಯ ಮಿತಿಯನ್ನು ಸುಮಾರು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತಾದರೂ, ಹಳೆಯ ಮಿತಿಗೆ ತಕ್ಕಂತೆ ತಯಾರಾದ ಚಾಸಿಯ ಬಲ ಆದೇಶದಿಂದ ಹೆಚ್ಚುವುದಿಲ್ಲ ಎಂಬುದನ್ನು ಹಳೆಯ ಲಾರಿಯ ಮಾಲೀಕರು ನೆನಪಿಡಬೇಕು.

ಎಂಜಿನ್ನಿನ ವಿಷಯ ಬೇರೆ. ಅದು ಬಿಚ್ಚಿ ಕಟ್ಟಲು ಅನುಕೂಲವಾಗುವಂತೆಯೇ ರೂಪುಗೊಂಡದ್ದು. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಚಲಿಸುವ ಕೊಳವೆಯ ಒಳಗೆ ಲೈನರ್ ಎಂಬ ಬದಲಾಯಿಸಬಹುದಾದ ಲೋಹದ ಕವಚ ಇರುವುದು ಸಾಮಾನ್ಯವಾದ್ದರಿಂದ, ಲೈನರ್, ಪಿಸ್ಟನ್, ರಿಂಗ್ ಮತ್ತು ಬೇರಿಂಗುಗಳನ್ನು ಹೊಸದಾಗಿಸಿ ಎಂಜಿನ್ನಿಗೆ ಎರಡನೆಯ ಬದುಕು ಕೊಡಬಹುದು. ಆದರೆ ಕ್ರ್ಯಾಂಕ್ ಶಾಫ್ಟ್ ಎಂಬ ತಿರುಗುವ ದಂಡವನ್ನು ಪ್ರತಿ ಸಲವೂ ಉಜ್ಜಿ ನಯಗೊಳಿಸಿದಾಗ ಅದು ಸಣ್ಣದಾಗುತ್ತ ಹೋಗುವ ಕಾರಣ, ಈ ಪುನರ್ಜನ್ಮಕ್ಕೂ ಎಣಿಕೆಯುಂಟು. ಎಂಜಿನ್ ಬಿಚ್ಚುವ ದಿನವನ್ನು ಮುಂದೂಡುವ ಅಗ್ಗದ ಉಪಾಯವೆಂದರೆ ಸಕಾಲಕ್ಕೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವುದು, ಮತ್ತು ಎಂಜಿನ್ ಬಿಸಿಯೇರಿದ ಕ್ಷಣವೇ ಗಾಡಿ ನಿಲ್ಲಿಸುವುದು.

2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ನಿಯಮ ಜಾರಿಯಾದ ಮೇಲೆ ಈ ಆರೈಕೆಯ ಸ್ವರೂಪ ಬದಲಾಗಿದೆ. ಡೀಸೆಲ್ಲಿನ ಗಂಧಕದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಸಲಾಯಿತು. ಹೊಗೆಯ ಮಸಿಯನ್ನು ಹಿಡಿದು ಸುಡುವ ಫಿಲ್ಟರ್ ಮತ್ತು ಯೂರಿಯಾ ದ್ರಾವಣದಿಂದ ವಿಷಾನಿಲವನ್ನು ತಗ್ಗಿಸುವ ವ್ಯವಸ್ಥೆ ಹೊಸ ಲಾರಿಗಳಿಗೆ ಬಂದವು. ಇಂಥ ಗಾಡಿಗೆ ಹಳೆಯ ರೂಢಿಯಂತೆ ಯಾವುದೋ ಆಯಿಲ್ ತುಂಬಿದರೆ ಅದರ ಬೂದಿಯಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಿವಿಯಿಂದಲೇ ದೋಷ ಗುರುತಿಸುತ್ತಿದ್ದ ಮೆಕ್ಯಾನಿಕ್‌ಗಳು ಈಗ ಸ್ಕ್ಯಾನರ್ ಓದುವುದನ್ನೂ ಕಲಿಯಬೇಕಾಗಿದೆ.

ಎಂಜಿನ್ನಿನಂತೆ ಟೈರಿಗೂ ಎರಡನೆಯ ಬದುಕುಂಟು. ಅದರ ಮೇಲ್ಪದರ ಸವೆದಾಗ ಒಳಮೈ ಗಟ್ಟಿಯಿದ್ದರೆ ಅದಕ್ಕೆ ಹೊಸ ರಬ್ಬರ್ ಕೂರಿಸುವುದನ್ನು ರೀಟ್ರೆಡಿಂಗ್ ಎನ್ನುತ್ತಾರೆ. ಗಾಳಿ ಕಡಿಮೆಯಿಟ್ಟು ಓಡಿಸಿದ ಟೈರ್ ಒಳಗೇ ಬಿಸಿಯಾಗಿ ಪದರಗಳು ಬಿಡುವುದರಿಂದ ಅದು ರೀಟ್ರೆಡಿಂಗ್‌ಗೆ ಒದಗುವುದಿಲ್ಲ. ಹಿಂದಿನ ಜೋಡಿ ಟೈರ್‌ಗಳ ಎತ್ತರ ಹೊಂದದಿದ್ದರೆ ದೊಡ್ಡದೇ ಹೆಚ್ಚಿನ ಹೊರೆಯನ್ನು ಹೊರುತ್ತದೆ. ದಿಕ್ಕು ತಿರುಗಿಸುವ ಮುಂದಿನ ಚಕ್ರಗಳಿಗೆ ರೀಟ್ರೆಡ್ ಟೈರ್ ಹಾಕದಿರುವುದೇ ಸುರಕ್ಷಿತ. ಬ್ರೇಕಿನ ಮಾತೂ ಹೀಗೆಯೇ. ಶಿರಾಡಿಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿದರೆ ಡ್ರಮ್ ಕಾದು ಬ್ರೇಕ್ ಲೈನರಿನ ಹಿಡಿತ ಕುಗ್ಗುವುದರಿಂದ, ಇಳಿಯುವ ಮುನ್ನವೇ ಕೆಳಗಿನ ಗೇರಿಗೆ ತಂದು ಎಕ್ಸಾಸ್ಟ್ ಬ್ರೇಕಿನ ನೆರವಿನಿಂದ ಸಾಗುವ ಚಾಲಕನ ಗಾಡಿಯಲ್ಲಿ ಲೈನರ್ ಹೆಚ್ಚು ಬಾಳುತ್ತದೆ, ಜೀವವೂ ಉಳಿಯುತ್ತದೆ.

ಹಳೆಯ ಗಾಡಿಗೆ ಹೊಸ ಬದುಕು ಕೊಡುವ ಕೆಲಸದ ದೊಡ್ಡ ಮಾದರಿ ಹಾಸನದಲ್ಲಿಯೇ ಇದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಹಾಸನ ಮತ್ತು ಬೆಂಗಳೂರಿನ ಕೆಂಗೇರಿಯಲ್ಲಿರುವ ತನ್ನ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ, ಲಕ್ಷಾಂತರ ಕಿಲೋಮೀಟರ್ ಓಡಿದ ಬಸ್ಸುಗಳ ಹೊರಕವಚವನ್ನು ಕಳಚಿ, ಕೊಳೆತ ತಗಡು ಮತ್ತು ಚೌಕಟ್ಟನ್ನು ಬದಲಿಸಿ, ಹೊಸ ಬಸ್ಸಿನ ಬೆಲೆಯ ಸಣ್ಣ ಭಾಗದಲ್ಲೇ ಮತ್ತೆ ರಸ್ತೆಗಿಳಿಸುವ ಪುನಶ್ಚೇತನವನ್ನು ಕೈಗೊಂಡಿದೆ. ಈ ಕೆಲಸಕ್ಕೆ ಆಧಾರವಾಗಿರುವುದು ದಾಖಲೆ: ಡಿಪೋದಲ್ಲಿ ಪ್ರತಿ ಬಸ್ಸಿನ ಓಟ, ಡೀಸೆಲ್, ಟೈರಿನ ಲೆಕ್ಕವಿರುವುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂಬ ತೀರ್ಮಾನ ಊಹೆಯ ಮೇಲೆ ನಿಲ್ಲುವುದಿಲ್ಲ. ಸಣ್ಣ ಮಾಲೀಕರಲ್ಲಿ ಅನೇಕರಿಗೆ ಇಲ್ಲದಿರುವುದು ಈ ಲೆಕ್ಕವೇ.

ಕಾನೂನು ಕೂಡ ವಯಸ್ಸಾದ ಲಾರಿಯನ್ನು ಪದೇ ಪದೇ ಪರೀಕ್ಷೆಗೆ ಒಡ್ಡುತ್ತದೆ. ಸರಕು ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಎಫ್‌ಸಿ, ಅಂದರೆ ಯೋಗ್ಯತಾ ಪತ್ರ, ಪಡೆಯಬೇಕು. 15 ವರ್ಷ ದಾಟಿದ ಭಾರಿ ವಾಹನಕ್ಕೆ ಕೇಂದ್ರದ ನಿಯಮವು 2022ರ ಏಪ್ರಿಲ್‌ನಿಂದ ಇದರ ಶುಲ್ಕವನ್ನು 12,500 ರೂಪಾಯಿಗೆ ಏರಿಸಿತು. ಸರ್ಕಾರಿ ವಾಹನಗಳು 15 ವರ್ಷ ದಾಟಿದರೆ ನೋಂದಣಿ ನವೀಕರಣವಿಲ್ಲವೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಖಾಸಗಿ ಲಾರಿಗೆ ಅಂಥ ಗಡುವು ರಾಜ್ಯದಲ್ಲಿಲ್ಲ. ಆದ್ದರಿಂದ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಮಾಲೀಕನದೇ ಆಗಿದೆ. ಚಾಸಿಯಲ್ಲಿ ಬೆಸುಗೆಯ ಮೇಲೆ ಬೆಸುಗೆ ಬಿದ್ದಾಗ, ಅಥವಾ ವರ್ಷದ ರಿಪೇರಿ ಖರ್ಚು ದುಡಿಮೆಯ ಲಾಭವನ್ನು ನುಂಗತೊಡಗಿದಾಗ ಆಯಸ್ಸು ಮುಗಿಯಿತೆಂದೇ ತಿಳಿಯಬೇಕು. ಅಲ್ಲಿಯವರೆಗೆ ಗಾಡಿಯನ್ನು ಲಾಭದಲ್ಲಿ ಓಡಿಸಬಯಸುವವರು ಹೊರೆ, ಕಿಲೋಮೀಟರ್, ಡೀಸೆಲ್, ಆಯಿಲ್ ಮತ್ತು ಟೈರಿನ ಲೆಕ್ಕ ಬರೆದಿಡುವ ಒಂದು ಪುಸ್ತಕವನ್ನು ಇಂದೇ ಆರಂಭಿಸುವುದು ಒಳಿತು.