ಸ್ಕ್ರೀನ್ ಮೇಲೆ ಅಂಟಿದ್ದೆಲ್ಲ ಔಷಧವಲ್ಲ

‘ಏನೋ ತಮ್ಮಾ, ಔಷಧಿ ಸಿಕ್ತಾ?’

ಪ್ರತಿ ಭಾನುವಾರ ಊರಿನಿಂದ ಫೋನ್ ಮಾಡುವ ಚಿಕ್ಕಪ್ಪ ಮೊದಲು ಕೇಳುವುದು ಇದನ್ನೇ. ಊಟ ಆಯ್ತಾ, ಪರೀಕ್ಷೆ ಯಾವಾಗ ಎಂಬುದೆಲ್ಲ ಆಮೇಲೆ. ನಾನು ವೈಟ್‌ಫೀಲ್ಡ್ ಬಳಿಯ ಕಾಲೇಜೊಂದರಲ್ಲಿ ಬಿ.ಇ. ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಈಗ ಆರನೇ ಸೆಮಿಸ್ಟರ್. ಮಂಗನ ಕಾಯಿಲೆಯ ವೈರಾಣುವನ್ನು ತಡೆಯಬಲ್ಲ ರಾಸಾಯನಿಕ ಸಂಯುಕ್ತಗಳನ್ನು ಕಂಪ್ಯೂಟರ್‌ನಲ್ಲಿ ಹುಡುಕುವುದು ನಮ್ಮ ನಾಲ್ವರ ಮಿನಿ ಪ್ರಾಜೆಕ್ಟ್. ಅದನ್ನು ಉತ್ಸಾಹದಲ್ಲಿ ಮನೆಯಲ್ಲಿ ಹೇಳಿಬಿಟ್ಟಿದ್ದೆ. ಅಂದಿನಿಂದ ಈ ಪ್ರಶ್ನೆ ತಪ್ಪಿಲ್ಲ.

ಚಿಕ್ಕಪ್ಪ ಸುಮ್ಮನೆ ಕೇಳುವವರಲ್ಲ. ನಮ್ಮದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಕಡೆಯ ಹಳ್ಳಿ. 2018ರ ಕೊನೆಗೆ ಅರಳಗೋಡು ಭಾಗದಲ್ಲಿ ಮಂಗಗಳು ಸಾಯತೊಡಗಿದಾಗ ನಾನು ಎಂಟನೇ ಕ್ಲಾಸು. ಕೊಟ್ಟಿಗೆಗೆ ದರಕು ತರಲು ಬೆಟ್ಟಕ್ಕೆ ಹೋಗಿದ್ದ ಚಿಕ್ಕಪ್ಪನಿಗೆ ಜನವರಿಯಲ್ಲಿ ಜ್ವರ ಹಿಡಿಯಿತು. ತಲೆನೋವು, ಮೈಕೈ ನೋವು, ಆಮೇಲೆ ವಸಡಿನಲ್ಲಿ ರಕ್ತ. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಪ್ಪನಿಗೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ: ‘ಈ ವೈರಸ್‌ಗೆ ಅಂತ ಔಷಧ ಇಲ್ಲ. ಡ್ರಿಪ್ ಹಾಕಿ, ರಕ್ತಸ್ರಾವ ನೋಡ್ಕೊಂಡು ದೇಹಕ್ಕೆ ಬಲ ಕೊಡ್ತೀವಿ ಅಷ್ಟೇ.’ ಚಿಕ್ಕಪ್ಪ ಬದುಕಿದರು. ಆ ವರ್ಷ ನಮ್ಮ ಸುತ್ತಮುತ್ತ ಬದುಕದವರೂ ಇದ್ದರು.

ಈ ವೈರಾಣು ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದರಿಂದ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇದರ ಹೆಸರೇ ಕ್ಯಾಸನೂರು ಕಾಡಿನ ಕಾಯಿಲೆ. ಉಣುಗು ಕಚ್ಚಿ ಹರಡುತ್ತದೆ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆ ಪರಿಣಾಮ ಸಾಲದೆಂದು 2022ರಲ್ಲಿ ನಿಂತಿತು. ಕಾಡಿಗೆ ಹೋಗುವವರ ಕೈಗೆ ಡೆಪಾ ಎಣ್ಣೆ ಕೊಡುತ್ತಾರೆ. ಪತ್ತೆಯಾಗಿ ಆರು ದಶಕ ಕಳೆದರೂ ಔಷಧ ಎಂಬ ಜಾಗ ಖಾಲಿಯೇ ಇದೆ.

ಏಕೆ ಇಷ್ಟು ಕಷ್ಟ? ಬ್ಯಾಕ್ಟೀರಿಯಾಕ್ಕೆ ಅದರದೇ ಗೋಡೆ, ಅದರದೇ ಯಂತ್ರಗಳಿವೆ. ಆಂಟಿಬಯೋಟಿಕ್‌ಗಳು ಅವಕ್ಕೆ ಹೊಡೆಯುತ್ತವೆ. ವೈರಾಣು ಹಾಗಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮದೇ ಯಂತ್ರಗಳಿಂದ ಕೆಲಸ ಮಾಡಿಸಿಕೊಳ್ಳುತ್ತದೆ. ಅದಕ್ಕೆ ಹೊಡೆಯಲು ಹೋದರೆ ಏಟು ನಮಗೂ ಬೀಳುತ್ತದೆ. ಹಾಗಾಗಿ ವೈರಾಣುವಿನ ಬಳಿ ಮಾತ್ರ ಇರುವ ಭಾಗವನ್ನು ಹುಡುಕಬೇಕು. ಮಂಗನ ಕಾಯಿಲೆಯ ವೈರಾಣು ತನ್ನ ಹತ್ತು ಪ್ರೋಟೀನುಗಳನ್ನೂ ಮೊದಲು ಒಂದೇ ಉದ್ದ ಸರವಾಗಿ ತಯಾರಿಸುತ್ತದೆ. ಆ ಸರ ತುಂಡಾಗದಿದ್ದರೆ ಯಾವ ಪ್ರೋಟೀನೂ ಕೆಲಸಕ್ಕೆ ಬಾರದು. ಹಲವು ಕಡೆ ತುಂಡರಿಸುವುದು ವೈರಾಣುವಿನದೇ ಆದ ಪ್ರೋಟಿಯೇಸ್ ಎಂಬ ಕಿಣ್ವ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಬಾಯಿಗೆ ಬಟ್ಟೆ ಸುತ್ತಿದರೆ ಏನಾಗುತ್ತದೆ? ಅದನ್ನೇ ಈ ಕಿಣ್ವಕ್ಕೆ ಮಾಡುವ ಅಣುವನ್ನು ನಾವು ಹುಡುಕುತ್ತಿದ್ದೆವು.

ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಆಟೋಡಾಕ್ ವಿನಾ ಎಂಬ ತಂತ್ರಾಂಶ ಉಚಿತ. ಲಕ್ಷಾಂತರ ಸಂಯುಕ್ತಗಳ ರಚನೆ ಪಬ್‌ಕೆಮ್‌ನಲ್ಲಿ ಉಚಿತ. ಅದೇ ಬಳಗದ ಬೇರೆ ವೈರಾಣುಗಳ ಪ್ರೋಟಿಯೇಸ್ ನೋಡಿಕೊಂಡು ನಮ್ಮ ಕಿಣ್ವದ ಮಾದರಿ ಕಟ್ಟಿದೆವು. ಅದರ ಬಾಯಿಗೆ 180 ಸಂಯುಕ್ತಗಳನ್ನು ಒಂದೊಂದಾಗಿ ಕೂರಿಸಿದೆವು. ಪಿಜಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮೂರು ರಾತ್ರಿ ಬಿಸಿಯಾಗಿ ಓಡಿತು. ಅಣು ಎಷ್ಟು ಬಿಗಿಯಾಗಿ ಅಂಟಬಹುದು ಎಂಬುದನ್ನು ತಂತ್ರಾಂಶ ಅಂಕಿಯಲ್ಲಿ ಹೇಳುತ್ತದೆ. ಅರಿಶಿನದ ಕರ್ಕ್ಯುಮಿನ್ ಸೇರಿದಂತೆ ಗಿಡಮೂಲಿಕೆಗಳ ಐದಾರು ಸಂಯುಕ್ತಗಳು ಪಟ್ಟಿಯ ಮೇಲೆ ಬಂದವು. ನಾವು ಕುಣಿದೆವು. ಕಾಲೇಜಿನ ಪ್ರದರ್ಶನಕ್ಕೆ ಪೋಸ್ಟರ್ ಸಿದ್ಧವಾಯಿತು. ಶೀರ್ಷಿಕೆ: ‘ಮಂಗನ ಕಾಯಿಲೆಗೆ ಮನೆಯಂಗಳದ ಔಷಧ’.

ಅದನ್ನು ಮೊದಲು ತೋರಿಸಿದ್ದು ನನ್ನ ರೂಮ್‌ಮೇಟ್‌ಗೆ. ಹಾವೇರಿಯವರು, ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಔಷಧ ಸಂಶೋಧನೆಯ ಕಂಪನಿಯೊಂದರ ಲ್ಯಾಬ್‌ನಲ್ಲಿದ್ದಾರೆ. ನಾನು ಅಣ್ಣ ಎನ್ನುತ್ತೇನೆ. ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು.

‘ಕಂಟ್ರೋಲ್ ಏನ್ ಇಟ್ಟೀಯೋ?’

ಇಟ್ಟಿರಲಿಲ್ಲ. ‘ಇದಕ್ಕೆ ಸಂಬಂಧಾನೇ ಇಲ್ದ ಗುಳಿಗೀನೂ ಹಾಕಿ ನೋಡು’ ಎಂದರು. ಆ ರಾತ್ರಿ ಇಪ್ಪತ್ತು ಸಾಮಾನ್ಯ ಮಾತ್ರೆಗಳನ್ನು ಅದೇ ರೀತಿ ಕೂರಿಸಿದೆ. ನನ್ನಜ್ಜಿ ಕೊಲೆಸ್ಟ್ರಾಲ್‌ಗೆಂದು ನುಂಗುವ ಅಟೋರ್ವಸ್ಟಾಟಿನ್, ನಮ್ಮ ‘ಔಷಧ’ಗಳ ಸಾಲಿನಲ್ಲೇ ಬಂದು ಕೂತಿತು. ದೊಡ್ಡ ಅಣುಗಳಿಗೆ ಅಂಟಲು ಹೆಚ್ಚು ಜಾಗ, ಹಾಗಾಗಿ ಹೆಚ್ಚು ಅಂಕ. ನಾವು ಅಳೆದಿದ್ದು ಬಹುಪಾಲು ಅಣುವಿನ ಗಾತ್ರವನ್ನು. ಇನ್ನು ಕರ್ಕ್ಯುಮಿನ್, ಲ್ಯಾಬ್‌ನಲ್ಲಿ ಕಂಡಕಂಡ ಪ್ರೋಟೀನಿನ ಜೊತೆಗೆಲ್ಲ ವರ್ತಿಸಿ ಸಂಶೋಧಕರನ್ನು ದಾರಿ ತಪ್ಪಿಸುವುದಕ್ಕೆ ಹೆಸರಾದ ಸಂಯುಕ್ತ ಎಂಬುದೂ ಆಗ ಗೊತ್ತಾಯಿತು.

ಅಣ್ಣ ಮುಂದಿನ ಮೆಟ್ಟಿಲುಗಳನ್ನೂ ಹೇಳಿದರು. ನಿಜವಾದ ಕಿಣ್ವದ ಮೇಲೆ ಪರೀಕ್ಷೆ, ನಂತರ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ವೈರಾಣು ಸೋಕಿಸಿ ಪರೀಕ್ಷೆ. ‘ಫಿನಾಯಿಲ್ ಹಾಕಿದ್ರೂ ವೈರಸ್ ಸಾಯ್ತದ. ಅದರ ಜೋಡಿ ಜೀವಕೋಶಾನೂ ಸಾಯ್ತದ’ ಎಂದು ನಕ್ಕರು. ವೈರಾಣುವನ್ನು ಅರ್ಧಕ್ಕೆ ಇಳಿಸಲು ಎಷ್ಟು ಪ್ರಮಾಣ ಬೇಕು, ಜೀವಕೋಶಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಪ್ರಮಾಣ ಬೇಕು ಎಂಬ ಎರಡನ್ನೂ ಅಳೆಯುತ್ತಾರೆ. ಇವೆರಡರ ನಡುವಿನ ಅಂತರ ದೊಡ್ಡದಿದ್ದರೆ ಮಾತ್ರ ಆ ಸಂಯುಕ್ತಕ್ಕೆ ಮುಂದಿನ ದಾರಿ. ಮೇಲಾಗಿ ನಮ್ಮ ವೈರಾಣುವನ್ನು ಯಾವುದೋ ಲ್ಯಾಬ್‌ನಲ್ಲಿ ಬೆಳೆಸುವಂತಿಲ್ಲ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಅತಿ ಬಿಗಿ ಸುರಕ್ಷತೆಯ ಪ್ರಯೋಗಾಲಯವೇ ಬೇಕು.

ತಟ್ಟೆಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದೂ ಉಂಟು. ಕೋವಿಡ್ ಕಾಲದ ಹೈಡ್ರಾಕ್ಸಿಕ್ಲೋರೋಕ್ವಿನ್ ನೆನಪಿದೆಯೇ? ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಅದು ವೈರಾಣುವನ್ನು ತಡೆದಿತ್ತು. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ತಡೆಯಲಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗೆ ಅದರಿಂದ ಲಾಭವಿಲ್ಲವೆಂದು 2020ರ ಜೂನ್‌ನಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಜನ ಮೆಡಿಕಲ್ ಶಾಪ್‌ಗಳಲ್ಲಿ ಅದನ್ನು ಖಾಲಿ ಮಾಡಿದ್ದರು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮಂಗನ ಕಾಯಿಲೆಯ ವೈರಾಣುವಿನ ದೊಡ್ಡ ಕುಟುಂಬಕ್ಕೇ ಸೇರಿದ್ದು ಹೆಪಟೈಟಿಸ್ ಸಿ ವೈರಾಣು. ಅದು ತನ್ನ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವವನ್ನು ತಡೆಯುವ ಸೋಫೋಸ್ಬುವಿರ್ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮರುವರ್ಷ ಅದನ್ನು ಕಡಿಮೆ ಬೆಲೆಗೆ ತಯಾರಿಸುವ ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ಇನ್ನೊಂದು ಔಷಧದ ಜೊತೆ ಸೇರಿಸಿ ಕೊಟ್ಟರೆ ಸಾಮಾನ್ಯವಾಗಿ ಹನ್ನೆರಡು ವಾರಗಳಲ್ಲಿ ಹೆಚ್ಚಿನವರಿಗೆ ರೋಗ ಪೂರ್ತಿ ವಾಸಿ. ಆ ಕುಟುಂಬದ ಒಂದು ವೈರಾಣುವಿಗೆ ಸಾಧ್ಯವಾಗಿದ್ದು ಇನ್ನೊಂದಕ್ಕೂ ಆಗಬಹುದು. ಅದಕ್ಕೆ ಹಣ ಬೇಕು, ವರ್ಷಗಳು ಬೇಕು. ವರ್ಷಕ್ಕೆ ಕೆಲವು ನೂರು ಮಂದಿಗೆ, ಅದೂ ಕಾಡಂಚಿನ ಬಡವರಿಗೆ ಬರುವ ಕಾಯಿಲೆಗೆ ಅಷ್ಟು ಹಣ ಹಾಕುವವರು ಯಾರು ಎಂಬ ಪ್ರಶ್ನೆಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಉತ್ತರವಿಲ್ಲ.

ಪ್ರದರ್ಶನಕ್ಕೆ ಎರಡು ದಿನ ಉಳಿದಿತ್ತು. ‘ಯಾರು ಕೇಳ್ತಾರೆ ಬಿಡೋ, ಟೈಟಲ್ ಹಾಗೇ ಇರಲಿ’ ಎಂದ ತಂಡದ ಗೆಳೆಯ. ನನಗೂ ಆಸೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಆ ಪೋಸ್ಟರ್‌ನ ಫೋಟೊ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವುದು ಖಚಿತವಾಗಿತ್ತು. ಅದನ್ನು ನಂಬಿ ಯಾರಾದರೂ ಜ್ವರ ಬಂದಾಗ ಆಸ್ಪತ್ರೆಗೆ ಹೋಗದೆ ಅರಿಶಿನದ ಕಷಾಯ ಕುಡಿದು ಮಲಗಿದರೆ? ಗೈಡ್ ಮೇಡಂ ಬಳಿ ಹೋಗಿ ಎಲ್ಲ ಹೇಳಿದೆವು. ಶೀರ್ಷಿಕೆ ಬದಲಾಯಿತು: ‘ಡಾಕಿಂಗ್ ಅಂಕಗಳನ್ನು ಎಷ್ಟು ನಂಬಬಹುದು?’ ಬಹುಮಾನ ಬರಲಿಲ್ಲ. ತೀರ್ಪುಗಾರರೊಬ್ಬರು ಮಾತ್ರ ನಮ್ಮ ಕಂಟ್ರೋಲ್ ಪಟ್ಟಿಯ ಮುಂದೆ ಹತ್ತು ನಿಮಿಷ ನಿಂತಿದ್ದರು.

ನಿಮ್ಮದೂ ಇಂಥ ಪ್ರಾಜೆಕ್ಟ್ ಇದ್ದರೆ ನನ್ನದೊಂದು ಮಾತು: ಫಲಿತಾಂಶ ಬಂದ ದಿನವೇ ಅದನ್ನು ಸುಳ್ಳು ಮಾಡಲು ಪ್ರಯತ್ನಿಸಿ. ರೆಸ್ಯೂಮೆಯಲ್ಲಿ ‘ಔಷಧ ಕಂಡುಹಿಡಿದೆ’ ಎಂದು ಬರೆದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ‘ನಮ್ಮ ತಪ್ಪನ್ನು ಹೀಗೆ ಪತ್ತೆ ಮಾಡಿದೆವು’ ಎಂದರೆ ಮಾತು ಮುಂದುವರಿಯುತ್ತದೆ.

ಕಳೆದ ಭಾನುವಾರ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಲ್ಲ ಅಂತ ಗೊತ್ತಾಯ್ತಲ್ಲ, ಅದೂ ಒಂದು ಕೆಲಸನೇ. ಮುಂದೆ ಓದ್ತೀಯಲ್ಲ?’ ಎಂದರು. ಓದುತ್ತೇನೆ ಎಂದೆ. ಬೆಟ್ಟಕ್ಕೆ ಹೋಗುವಾಗ ಡೆಪಾ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ ಎಂದು ನೆನಪಿಸಿ ಫೋನ್ ಇಟ್ಟೆ.